ಕಂಪ್ಲೇಂಟ್ ಕೊಡೋದು ಹೇಗೆ? ಯಾವ ತೊಂದರೆಗೆ ಯಾವ ಬಾಗಿಲು

ಹೋದ ವರ್ಷ ತೊಗರಿ ರಾಶಿ ಮುಗಿದ ಮೇಲೆ ನಮ್ಮ ಸೋದರಮಾವ ಕಲಬುರಗಿ ಗಂಜ್‌ನಲ್ಲಿ ಮಾಲು ಮಾರಿದರು. ದುಡ್ಡು ಖಾತೆಗೆ ಬಂತು. ಅದರ ಹಿಂದೆಯೇ ‘ಬ್ಯಾಂಕಿನವರು’ ಅಂತ ಒಂದು ಫೋನ್ ಬಂತು. ಕೆವೈಸಿ ಆಗಿಲ್ಲ, ಖಾತೆ ಬಂದ್ ಆಗುತ್ತೆ ಅಂದರು. ಮಾವ ಹೆದರಿ ಓಟಿಪಿ ಹೇಳಿಬಿಟ್ಟರು. 40 ಸಾವಿರ ಹೋಯಿತು. ಎರಡು ದಿನ ಯಾರಿಗೂ ಬಾಯಿ ಬಿಡಲಿಲ್ಲ. ಕೊನೆಗೆ ಅತ್ತೆ ನನಗೆ ಫೋನ್ ಮಾಡಿದಾಗ ಹಿಂದಿನಿಂದ ಮಾವನ ದನಿ ಕೇಳ್ತಿತ್ತು: “ಹೋಗಿದ್ದು ಹೋತು ಬಿಡೋ. ನಾಕ್ ಮಂದಿಗೆ ಗೊತ್ತಾದ್ರ ನಗತಾರ.” ಅಷ್ಟರಲ್ಲಿ ದುಡ್ಡು ಹಲವು ಖಾತೆ ದಾಟಿತ್ತು. 6 ಸಾವಿರ ಮಾತ್ರ ತಡೆಯೋಕೆ ಆಯಿತು. ಅಂಥ ಎರಡು ದಿನ ಇನ್ನೊಂದು ಮನೆಯಲ್ಲಿ ಹಾಳಾಗಬಾರದು ಅಂತಲೇ ಇದನ್ನು ಬರೀತಿದ್ದೇನೆ.

ಆನ್‌ಲೈನ್‌ನಲ್ಲಿ ದುಡ್ಡು ಹೋದರೆ

ಮೊದಲು 1930ಕ್ಕೆ ಫೋನ್ ಮಾಡಿ. ಠಾಣೆ, ಬ್ಯಾಂಕ್ ಎಲ್ಲ ಆಮೇಲೆ. ಕದ್ದ ದುಡ್ಡು ಯಾವ ಖಾತೆಗೆ ಹೋಗಿದೆಯೋ ಅಲ್ಲೇ ಅದನ್ನು ತಡೆಯುವ ವ್ಯವಸ್ಥೆ ಇದು. ಕಳ್ಳರು ಡ್ರಾ ಮಾಡುವ ಮೊದಲು ಸುದ್ದಿ ಮುಟ್ಟಿದರೆ ಮಾತ್ರ ಕೆಲಸ ಆಗುತ್ತದೆ.

ಫೋನ್ ಮಾಡುವಾಗ ಪಾಸ್‌ಬುಕ್ ಎದುರಿಗೆ ಇರಲಿ. ಖಾತೆ ನಂಬರ್, ಹೋದ ಮೊತ್ತ, ದಿನ, ಸಮಯ, ಕಳ್ಳರ ಫೋನ್ ನಂಬರ್ ಕೇಳುತ್ತಾರೆ. ಯುಪಿಐ ಆಗಿದ್ದರೆ ಮೆಸೇಜಿನಲ್ಲಿ 12 ಅಂಕಿಯ ಒಂದು ನಂಬರ್ ಇರುತ್ತದೆ, ಅದೇ ಮುಖ್ಯ. ಮೆಸೇಜು, ಕಾಲ್ ಲಿಸ್ಟ್ ಯಾವುದನ್ನೂ ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ದೂರಿಗೆ ಒಂದು ನಂಬರ್ ಸಿಗುತ್ತದೆ. ಅದನ್ನು ಹಿಡಿದು ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಉಳಿದ ವಿವರ ತುಂಬಿ. ಬ್ಯಾಂಕಿಗೂ ಆಗಲೇ ತಿಳಿಸಿ. ಇನ್ನೊಂದು ಮಾತು. ವಿಡಿಯೊ ಕಾಲ್‌ನಲ್ಲಿ ಖಾಕಿ ಹಾಕಿಕೊಂಡು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಅಂದರೆ ಸುಮ್ನೆ ಕಟ್ ಮಾಡಿ. ನಮ್ಮ ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ.

ಕಣ್ಣೆದುರೇ ನಡೀತಿದ್ದರೆ

ಹೊಡೆದಾಟ, ಕಳ್ಳತನ, ಅಪಘಾತ ಏನೇ ಇರಲಿ, 112. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಮೂರಕ್ಕೂ ಇದೊಂದೇ ನಂಬರ್. ಹಳ್ಳಿ ಹೆಸರಿನ ಜೊತೆ ತಾಲೂಕು ಹೇಳಿ. ಹತ್ತಿರದ ಗುಡಿ, ದರ್ಗಾ, ಶಾಲೆ, ಏನಾದರೂ ಒಂದು ಗುರುತು ಹೇಳಿ. ಮಹಿಳೆಯರಿಗೆ 181 ಇದೆ. ಜಾತಿ ಹೆಸರಿನಲ್ಲಿ ದೌರ್ಜನ್ಯ ಆದರೆ 14566. ರೈಲಿನಲ್ಲಿ ತೊಂದರೆಯಾದರೆ 139. ವಾಡಿ ಜಂಕ್ಷನ್‌ನಂಥ ದೊಡ್ಡ ಸ್ಟೇಷನ್ ಬರೋತನಕ ಕಾಯಬೇಕಿಲ್ಲ, ನಡುವೆ ಇಳಿಯಲೂ ಬೇಕಿಲ್ಲ. ದೂರಿನ ಫಾರಂ ಟಿಟಿಇ ಹತ್ತಿರವೇ ಸಿಗುತ್ತದೆ.

ಬಾಲ್ಯವಿವಾಹ ನಿಲ್ಲಿಸಬೇಕಾದರೆ

ನಮ್ಮ ಭಾಗದಲ್ಲಿ ಇದನ್ನು ಅಪರಾಧ ಅಂತ ಎಷ್ಟೋ ಜನ ಇನ್ನೂ ಅಂದುಕೊಂಡೇ ಇಲ್ಲ. ಹುಡುಗಿಗೆ 18, ಹುಡುಗನಿಗೆ 21 ತುಂಬದಿದ್ದರೆ ಅದು ಬಾಲ್ಯವಿವಾಹ. ಹಂದರ ಹಾಕುವ ಮೊದಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಊರಿನ ಹೆಸರು, ಹುಡುಗಿಯ ಮನೆ, ಮದುವೆ ದಿನ ಹೇಳಿದರೆ ಸಾಕು. ನಿಮ್ಮ ಹೆಸರು ಹೊರಗೆ ಬರೋದಿಲ್ಲ. ಆ ಫೋನ್ ಮಾಡೋದು ಸುಲಭ ಅಲ್ಲ, ಗೊತ್ತು. ಓಣಿಯವರೇ, ನೆಂಟರೇ ಆಗಿರುತ್ತಾರೆ. ಆದರೆ ಎಂಟನೇ ಕ್ಲಾಸಿನ ಹುಡುಗಿಗೆ ತಾನೇ ಫೋನ್ ಮಾಡೋಕೆ ಆಗುತ್ತಾ? ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದೆ ಇರೋದಂತೂ ಪೋಕ್ಸೊ ಕಾಯ್ದೆಯಲ್ಲಿ ತಪ್ಪೇ ಆಗುತ್ತದೆ.

ಠಾಣೆಗೆ ಹೋದಾಗ

ಮೊದಲು ಮನೆಯಲ್ಲೇ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವಾಗ, ಎಲ್ಲಿ, ಏನಾಯಿತು, ಯಾರು ನೋಡಿದರು, ಏನು ಹೋಯಿತು. “ಬೈಕ್ ಕಳುವಾಗಿದೆ” ಅಂತ ಬರೆದರೆ ಸಾಲದು. “ಸೂಪರ್ ಮಾರ್ಕೆಟ್‌ನಲ್ಲಿ ಸಂಜೆ 6ಕ್ಕೆ ನಿಲ್ಲಿಸಿದ್ದೆ, ಏಳೂವರೆಗೆ ಬಂದರೆ ಇರಲಿಲ್ಲ” ಅಂತ ಬರೆಯಿರಿ. ಆ ಒಂದೂವರೆ ಗಂಟೆ ಗೊತ್ತಾದರೆ ಯಾವ ಸಿಸಿ ಕ್ಯಾಮೆರಾ, ಎಷ್ಟು ಹೊತ್ತಿನದು ನೋಡಬೇಕು ಅಂತ ಪೊಲೀಸರಿಗೆ ತಿಳಿಯುತ್ತದೆ. ಬರೆಯಲು ಬಾರದವರು ಬಾಯಲ್ಲಿ ಹೇಳಬಹುದು. ಪೊಲೀಸರೇ ಬರೆದು, ಓದಿ ಹೇಳಿ, ಆಮೇಲೆ ಸಹಿ ಪಡೆಯಬೇಕು. ಓದಿ ಹೇಳದೆ ಸಹಿ ಮಾಡಬೇಡಿ.

“ಇದು ನಮ್ಮ ಲಿಮಿಟ್ ಅಲ್ಲ” ಅಂದರೆ ‘ಝೀರೊ ಎಫ್‌ಐಆರ್’ ಕೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ಆಗಿರಲಿ, ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು. ಸೊಲ್ಲಾಪುರ, ಹೈದರಾಬಾದ್ ಅಂತ ದವಾಖಾನೆಗೆ, ವ್ಯಾಪಾರಕ್ಕೆ ಓಡಾಡುವ ನಮಗೆ ಇದು ದೊಡ್ಡ ಅನುಕೂಲ. ಇ-ಮೇಲ್‌ನಂಥ ದಾರಿಯಲ್ಲೂ ದೂರು ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು ಅಷ್ಟೆ. ಎಫ್‌ಐಆರ್ ಪ್ರತಿ ಪುಕ್ಕಟೆ. ಒಂದು ರೂಪಾಯಿಯೂ ಕೊಡಬೇಕಿಲ್ಲ.

ದೂರು ತಗೊಳ್ಳಲೇ ಇಲ್ಲ ಅಂದರೆ ಅದೇ ಹಾಳೆಯನ್ನು ಸ್ಪೀಡ್ ಪೋಸ್ಟಿನಲ್ಲಿ ಜಿಲ್ಲೆಯ ಎಸ್‌ಪಿಗೆ ಕಳಿಸಿ. ಕಲಬುರಗಿ ನಗರದೊಳಗಿನದಾದರೆ ಪೊಲೀಸ್ ಕಮಿಷನರ್‌ಗೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುವ ದಾರಿ ಇದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕೇಳಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಈ ನೆರವು ಉಚಿತ.

ಇನ್ನೆರಡು

ಮೊಬೈಲ್ ಕಳೆದರೆ ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿ ಹಿಡಿದು, ಕಳೆದ ಫೋನ್ ಬಂದ್ ಮಾಡಿಸುವ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಿ. ಪ್ರತಿ ಫೋನಿಗೂ ಬೇರೆ ಬೇರೆ ಇರುವ 15 ಅಂಕಿಯ ಐಎಂಇಐ ನಂಬರ್ ಬೇಕಾಗುತ್ತದೆ. *#06# ಒತ್ತಿದರೆ ಕಾಣುತ್ತದೆ. ಇವತ್ತೇ ಬರೆದಿಟ್ಟುಕೊಳ್ಳಿ, ಕಳೆದ ಮೇಲೆ ಒತ್ತೋಕೆ ಫೋನೇ ಇರೋದಿಲ್ಲ ಅಲ್ವಾ?

ಲಂಚ ಕೇಳಿದರೆ ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ. ಒತ್ತಾಯಕ್ಕೆ ಕೊಟ್ಟುಬಿಟ್ಟಿದ್ದರೆ ಏಳು ದಿನದೊಳಗೆ ತಿಳಿಸಲೇಬೇಕು, ಇಲ್ಲದಿದ್ದರೆ ಕೊಟ್ಟವರ ಮೇಲೂ ಕೇಸ್ ಆಗಬಹುದು.

ದೂರು ಕೊಟ್ಟು ಬಂದ ಮೇಲೆ ಎಫ್‌ಐಆರ್ ನಂಬರನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು 90 ದಿನದೊಳಗೆ ನಿಮಗೆ ತಿಳಿಸಬೇಕು. ತಿಳಿಸದಿದ್ದರೆ ಆ ನಂಬರ್ ಹಿಡಿದು ಹೋಗಿ ಕೇಳಿ.