ಕೊಡಗಿನ ಹವೆಯಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್

ಓವರ್‌ಕ್ಲಾಕ್ ಎಂದರೆ ಪ್ರೊಸೆಸರನ್ನು ಅದಕ್ಕೆ ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಓಡಿಸುವುದು. ಮೊದಲು ನೋಡಬೇಕಾದ್ದು ಕರೆಂಟ್. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬೀಳುವುದು ಇಲ್ಲಿ ಮಾಮೂಲು. ಬಯೋಸ್ (ಮದರ್‌ಬೋರ್ಡ್‌ನಲ್ಲೇ ಇರುವ ಮೂಲ ತಂತ್ರಾಂಶ) ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡ್ ಕೆಟ್ಟೇಹೋಗಬಹುದು. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ಇಂಟೆಲ್ ಆದರೆ ಹೆಸರಿನಲ್ಲಿ 'ಕೆ' ಇರುವ ಚಿಪ್, ಝಡ್ ಸರಣಿಯ ಬೋರ್ಡ್ ಬೇಕು. ಚಿಪ್‌ನ ಶಾಖವನ್ನು ಕೂಲರ್‌ಗೆ ದಾಟಿಸುವ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟಾಣಿ ಗಾತ್ರದಷ್ಟು ಹೊಸದು ಹಾಕಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ನೋಡಿಕೊಳ್ಳಿ.

ಬಯೋಸ್‌ನಲ್ಲಿ ಮಲ್ಟಿಪ್ಲೈಯರ್ (ಚಿಪ್‌ನ ವೇಗ ನಿರ್ಧರಿಸುವ ಗುಣಕ) ಒಂದೊಂದೇ ಏರಿಸಿ. ಒಂದಕ್ಕೆ 100 ಮೆಗಾಹರ್ಟ್ಸ್. ಪ್ರತಿ ಸಲ ಚಿಪ್‌ಗೆ ಭಾರಿ ಕೆಲಸ ಕೊಟ್ಟು ಪರೀಕ್ಷಿಸುವ ಸಿನಿಬೆಂಚ್ ತಂತ್ರಾಂಶ 10 ನಿಮಿಷ ಓಡಿಸಿ. ಕಂಪ್ಯೂಟರ್ ಕೈಕೊಟ್ಟು ನೀಲಿ ಪರದೆ ಬಂದರೆ ಕೋರ್ ವೋಲ್ಟೇಜ್ (ಚಿಪ್‌ಗೆ ಕೊಡುವ ವೋಲ್ಟೇಜ್) 0.01 ವೋಲ್ಟ್ ಹೆಚ್ಚಿಸಿ. ಆದರೆ ಹುಷಾರು: ಶಾಖ ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. 1.20ರಿಂದ 1.32ಕ್ಕೆ ಹೋದರೆ ವೋಲ್ಟೇಜ್ ಏರಿದ್ದು ಶೇ. 10, ಶಾಖ ಏರುವುದು ಸುಮಾರು ಶೇ. 21. ಚಿಪ್ 85 ಡಿಗ್ರಿ ದಾಟಿದರೆ ಒಂದು ಹೆಜ್ಜೆ ಹಿಂದೆ ಬನ್ನಿ.

ಮಡಿಕೇರಿಯ ಜುಲೈ ಚಳಿಯಲ್ಲಿ ಸಿಕ್ಕ ಫಲಿತಾಂಶವನ್ನೇ ನಂಬಬೇಡಿ. ಕೋಣೆ 8 ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷಿಸಿ. ಫ್ಯಾನ್ ಗಾಳಿಯಿಂದ ಚಿಪ್ ತಣಿಸುವ ಕೂಲರ್ ಕೋಣೆಗಿಂತ ತಣ್ಣಗಾಗದು, ಹಾಗಾಗಿ ಅದರ ಮೇಲೆ ಹನಿಗಟ್ಟುವ ಭಯವಿಲ್ಲ. ತೇವಕ್ಕೆ ದೂಳು ಮುದ್ದೆಯಾಗಿ ಕೂಲರ್‌ನ ಫಿನ್‌ಗಳಿಗೆ (ತೆಳು ಲೋಹದ ಪಟ್ಟಿಗಳಿಗೆ) ಅಂಟುವುದೇ ನಿಜವಾದ ಕಾಟ. ತಿಂಗಳಿಗೊಮ್ಮೆ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಒಣ ಬ್ರಷ್‌ನಿಂದ ತೆಗೆಯಿರಿ.