ಏಳು ಹಿಟ್ ಪಾಯಿಂಟ್‌ನ ಮಾಂತ್ರಿಕನನ್ನು ಬದುಕಿಸಿಕೊಳ್ಳುವುದು

ದಾಳ ಉರುಳಿಸುತ್ತಾ ಪಾತ್ರಗಳಾಗಿ ಕಥೆ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದಲ್ಲಿ ನನ್ನ ಮೊದಲ ಮಾಂತ್ರಿಕ ಬದುಕಿದ್ದು ಸುಮಾರು ಎರಡೂವರೆ ಗಂಟೆ. ಅದರಲ್ಲಿ ಒಂದು ಗಂಟೆ ನಾನು ಅವನ ಗಡ್ಡದ ಬಣ್ಣವನ್ನೂ ಗುರುವಿನ ಜೊತೆಗಿನ ಜಗಳವನ್ನೂ ವರ್ಣಿಸುತ್ತಿದ್ದೆ. ಮೊದಲ ಕಾಳಗದ ಎರಡನೇ ಸುತ್ತಿನಲ್ಲಿ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರ ಎರಡು ಬಾಣ ನಾಟಿದವು, ಸಾಯದೆ ಉಳಿಯಲು ಎಸೆಯುವ ದಾಳದಲ್ಲಿ, ಅಂದರೆ ಡೆತ್ ಸೇವ್‌ನಲ್ಲಿ, ಮೂರು ಸಲ ಸೋತೆ, ಕಥೆ ಮುಗಿಯಿತು. ಪೆಟ್ಟು ತಾಳುವ ಶಕ್ತಿಯ ಅಂಕವಾದ ಹಿಟ್ ಪಾಯಿಂಟ್ ಅವನ ಬಳಿ ಇದ್ದದ್ದು ಏಳೇ. ಮಂತ್ರ ಹಾಕಿದಾಗ ಖರ್ಚಾಗುವ ಎರಡು ಸ್ಪೆಲ್ ಸ್ಲಾಟ್‌ಗಳೂ ಹಾಗೆಯೇ ಉಳಿದಿದ್ದವು.

ಈ ಆಟದಲ್ಲಿ ಮಾಂತ್ರಿಕನಾಗಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಆಡುವುದು 2014ರ ಐದನೇ ಆವೃತ್ತಿಯ ನಿಯಮಗಳಲ್ಲಿ. 2024ರ ಪರಿಷ್ಕರಣೆಯಲ್ಲಿ ಕೆಲವು ಮಂತ್ರಗಳು ಬದಲಾಗಿವೆ. ನಿಮ್ಮ ಮೇಜಿನಲ್ಲಿ ಯಾವುದು ನಡೆಯುತ್ತದೆ ಎಂದು ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಅವರನ್ನು ಮೊದಲೇ ಕೇಳಿಕೊಳ್ಳಿ. ಹಳಬರು ಈಗಿನ ಮಾಂತ್ರಿಕರನ್ನು ಸುಖಪುರುಷರೆಂದು ಹಂಗಿಸುವುದುಂಟು. ಅದು ಪೂರ್ತಿ ಸುಳ್ಳಲ್ಲ: 1974ರ ಮೊದಲ ಆವೃತ್ತಿಯಲ್ಲಿ ಮೊದಲ ಹಂತದ ಮಾಂತ್ರಿಕನಿಗೆ ಇಡೀ ದಿನಕ್ಕೆ ಒಂದೇ ಮಂತ್ರ.

ಈಗ ಮೊದಲ ಹಂತದಲ್ಲಿ ಮಂತ್ರಪುಸ್ತಕಕ್ಕೆ ಆರು ಮಂತ್ರ ಆರಿಸಬೇಕು. ಬುದ್ಧಿಶಕ್ತಿಗೆ ಸಿಗುವ ಕೂಡಿಕೆ, ಅಂದರೆ ಮಾಡಿಫೈಯರ್, +3 ಇದ್ದರೆ ಅವುಗಳಲ್ಲಿ ನಾಲ್ಕನ್ನು ಬೆಳಗ್ಗೆ ಸಿದ್ಧಪಡಿಸಿಕೊಳ್ಳಬಹುದು. ಹೊಸಬರು ಆರಕ್ಕೆ ಆರೂ ಬೆಂಕಿ, ಸಿಡಿಲು ತುಂಬಿಕೊಳ್ಳುತ್ತಾರೆ, ನಾನೂ ತುಂಬಿಕೊಂಡಿದ್ದೆ. ಈಗ ನನ್ನ ಲೆಕ್ಕ ಬೇರೆ. ಆರರಲ್ಲಿ ಎರಡು ರಿಚುಯಲ್ ಆಗಿರಲಿ, ಅಂದರೆ ಹತ್ತು ನಿಮಿಷ ಹೆಚ್ಚು ತೆಗೆದುಕೊಂಡು ಪುಸ್ತಕ ನೋಡಿಯೇ ಜಪಿಸುವ ಮಂತ್ರಗಳು. ಅವನ್ನು ಸಿದ್ಧಪಡಿಸಬೇಕಿಲ್ಲ, ಸ್ಲಾಟ್ ಖರ್ಚಾಗುವುದಿಲ್ಲ. ನನ್ನ ಆಯ್ಕೆ ಸಹಾಯಕ ಪ್ರಾಣಿಯನ್ನು ಕರೆಯುವ ಫೈಂಡ್ ಫೆಮಿಲಿಯರ್ ಮತ್ತು ಮಾಂತ್ರಿಕ ಶಕ್ತಿಯನ್ನು ಪತ್ತೆ ಮಾಡುವ ಡಿಟೆಕ್ಟ್ ಮ್ಯಾಜಿಕ್. ಉಳಿದ ನಾಲ್ಕರಲ್ಲಿ ಮೇಜ್ ಆರ್ಮರ್, ಶೀಲ್ಡ್ ರಕ್ಷಣೆಗೆ, ಸ್ಲೀಪ್ ಮಲಗಿಸಲು, ಮ್ಯಾಜಿಕ್ ಮಿಸೈಲ್ ಹೊಡೆಯಲು. ಸಿದ್ಧಪಡಿಸಬಹುದಾದದ್ದೂ ನಾಲ್ಕೇ, ಹಾಗಾಗಿ ಬೆಳಗ್ಗೆ ತಲೆ ಕೆರೆದುಕೊಳ್ಳುವ ಕೆಲಸವಿಲ್ಲ.

ಫೈಂಡ್ ಫೆಮಿಲಿಯರ್‌ಗೆ ಪ್ರತಿ ಸಲ ಹತ್ತು ಚಿನ್ನದ ನಾಣ್ಯದಷ್ಟು ಇದ್ದಿಲು, ಧೂಪ, ಗಿಡಮೂಲಿಕೆ ಸುಡಬೇಕು. ಬರುವ ಗೂಬೆಗೆ ಇರುವುದು ಒಂದೇ ಹಿಟ್ ಪಾಯಿಂಟ್. ಆದರೂ ಅದು ನೂರು ಅಡಿಯೊಳಗಿದ್ದರೆ ಅದರ ಕಣ್ಣಿನಿಂದ ನೀವು ನೋಡಬಹುದು. ಹಾಗೆ ನೋಡುವಷ್ಟು ಹೊತ್ತು ನಿಮ್ಮ ಸ್ವಂತ ಕಣ್ಣು, ಕಿವಿ ಕೆಲಸ ಮಾಡುವುದಿಲ್ಲ. ಪಕ್ಕದಲ್ಲಿ ಯಾರನ್ನಾದರೂ ಕಾವಲು ನಿಲ್ಲಿಸಿಕೊಳ್ಳಿ.

ಇನ್ನು ಪ್ರಾಣ ಉಳಿಸುವ ಲೆಕ್ಕ. ಡೆಕ್ಸ್ಟೆರಿಟಿ (ಚುರುಕುತನ) +2 ಇರುವ ಬರಿಮೈ ಮಾಂತ್ರಿಕನ ಆರ್ಮರ್ ಕ್ಲಾಸ್, ಅಂದರೆ ಪೆಟ್ಟು ತಾಗಲು ಎದುರಾಳಿ ಮುಟ್ಟಬೇಕಾದ ಅಂಕ, 12. ಗಾಬ್ಲಿನ್ ದಾಳಕ್ಕೆ ನಾಲ್ಕು ಕೂಡಿಸಿಕೊಳ್ಳುತ್ತದೆ, ಆದ್ದರಿಂದ 20 ಮುಖದ ದಾಳದಲ್ಲಿ 8 ಬಿದ್ದರೂ ನಿಮಗೆ ತಾಗುತ್ತದೆ. ಮೇಜ್ ಆರ್ಮರ್ ಹಾಕಿಕೊಂಡರೆ ಅದಕ್ಕೆ 11 ಬೇಕು. ಬಾಣ ತಾಗಿತು ಎಂದಾಗ ಶೀಲ್ಡ್ ಎತ್ತಿದರೆ 16 ಬೇಕು. ಮೇಜ್ ಆರ್ಮರ್ ಎಂಟು ಗಂಟೆ ನಿಲ್ಲುವುದರಿಂದ ಮೊದಲ ಸ್ಲಾಟನ್ನು ಗುಹೆಯ ಬಾಗಿಲಲ್ಲೇ ಅದಕ್ಕೆ ಕೊಟ್ಟುಬಿಡುತ್ತೇನೆ. ಎರಡನೆಯದನ್ನು ಶೀಲ್ಡ್‌ಗೋ ಸ್ಲೀಪ್‌ಗೋ ಎಂದು ತೀರ್ಮಾನಿಸದೆ ಇಟ್ಟುಕೊಳ್ಳುತ್ತೇನೆ. ಶಾರ್ಟ್ ರೆಸ್ಟ್ ಸಿಕ್ಕರೆ ದಿನಕ್ಕೊಮ್ಮೆ ಆರ್ಕೇನ್ ರಿಕವರಿಯಿಂದ ಒಂದು ಸ್ಲಾಟ್ ಮರಳಿ ಬರುತ್ತದೆ. ಗುಂಪಿನವರು ಆತುರದಲ್ಲಿದ್ದರೂ ಆ ಒಂದು ಗಂಟೆಯ ವಿಶ್ರಾಂತಿಯನ್ನು ನಾಚಿಕೆಯಿಲ್ಲದೆ ಕೇಳಿ.

ಹಾಗಾದರೆ ಉಳಿದ ಸುತ್ತುಗಳಲ್ಲಿ ಏನು ಮಾಡುವುದು? ಕ್ಯಾಂಟ್ರಿಪ್ ಎಂಬ ಪುಟ್ಟ ಮಂತ್ರಗಳಿವೆ, ಅವಕ್ಕೆ ಸ್ಲಾಟ್ ಖರ್ಚಾಗುವುದೇ ಇಲ್ಲ. ಫೈರ್ ಬೋಲ್ಟ್ ಎಸೆದು ಕಂಬದ ಹಿಂದೆ ಸರಿಯಿರಿ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡುವ ಚಪಲ ಮಾಂತ್ರಿಕರಿಗೆಲ್ಲ ಇರುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳಲು ನಾನು ಒಂದು ನಿಜವಾದ ನೋಟ್‌ಬುಕ್ ಇಟ್ಟಿದ್ದೇನೆ. ಒಂದು ಮಂತ್ರಕ್ಕೆ ಒಂದು ಪುಟ: ಎಷ್ಟು ದೂರ, ಎಷ್ಟು ಹೊತ್ತು, ಯಾವ ಸೇವ್ (ತಪ್ಪಿಸಿಕೊಳ್ಳಲು ಎಸೆಯುವ ದಾಳ), ಕಾನ್ಸಂಟ್ರೇಶನ್ (ಮಂತ್ರ ಹಿಡಿದಿಡುವ ಏಕಾಗ್ರತೆ) ಬೇಕೋ ಬೇಡವೋ. ಪುಟದ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ‘ಯಾವಾಗ ಬೇಡ’ ಎಂಬ ಒಂದು ಸಾಲು. ಯಾವಾಗ ಬಳಸಬೇಕೆಂದು ಪುಟದ ಉಳಿದ ಭಾಗವೇ ಹೇಳುತ್ತದೆ. ನನಗೆ ಬೇಕಾಗುವುದು ಈ ಕೆಂಪು ಸಾಲು.

ಸ್ಲೀಪ್‌ನ ಪುಟದಲ್ಲಿ ಅದು ಬಂದದ್ದು ಹೀಗೆ. ನಮ್ಮ ಫೈಟರ್ ನಾಲ್ಕು ಗಾಬ್ಲಿನ್‌ಗಳ ನಡುವೆ ಸಿಕ್ಕಿಕೊಂಡಿದ್ದಳು, ಅವಳಲ್ಲಿ ಉಳಿದದ್ದು ನಾಲ್ಕು ಹಿಟ್ ಪಾಯಿಂಟ್. ನಾನು ಬಹಳ ಗತ್ತಿನಿಂದ ಎದ್ದು ನಿಂತು ಸ್ಲೀಪ್ ಎಂದು ಘೋಷಿಸಿದೆ. ಎಂಟು ಮುಖದ ಐದು ದಾಳ ಉರುಳಿಸಿದೆ, ಒಟ್ಟು 24 ಬಂತು, ಅಂದರೆ ಅಷ್ಟು ಹಿಟ್ ಪಾಯಿಂಟ್‌ನಷ್ಟು ಜೀವಿಗಳು ಮಲಗಬೇಕು. ಒಂದೊಂದು ಗಾಬ್ಲಿನ್‌ಗೆ ಏಳು. ಮೂರಾದರೂ ಮಲಗುತ್ತವೆ ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಡಿಎಂ ಮೆಲ್ಲಗೆ ಕೇಳಿದರು: “ಇಪ್ಪತ್ತು ಅಡಿ ತ್ರಿಜ್ಯದೊಳಗೆ ಅತಿ ಕಡಿಮೆ ಹಿಟ್ ಪಾಯಿಂಟ್ ಯಾರದ್ದು?”

ಆ ಮಂತ್ರ ಮಿತ್ರ, ಶತ್ರು ಎಂದು ನೋಡುವುದಿಲ್ಲ. ಅತಿ ಕಡಿಮೆ ಹಿಟ್ ಪಾಯಿಂಟ್ ಇರುವವರಿಂದ ಶುರುಮಾಡಿ ಮೇಲೆ ಹತ್ತುತ್ತದೆ. ಮೊದಲು ಮಲಗಿದವಳು ನಮ್ಮ ಫೈಟರ್. ಉಳಿದ 20ರಲ್ಲಿ ಎರಡು ಗಾಬ್ಲಿನ್ ಬಿದ್ದವು, ಇನ್ನುಳಿದ ಆರು ಮೂರನೆಯದಕ್ಕೆ ಸಾಲಲಿಲ್ಲ. ಪ್ರಜ್ಞೆಯಿಲ್ಲದವರಿಗೆ ಹತ್ತಿರದಿಂದ ತಾಗಿದ ಪೆಟ್ಟೆಲ್ಲ ಕ್ರಿಟಿಕಲ್, ಅಂದರೆ ಗಾಯ ಹೆಚ್ಚು. ಎಚ್ಚರವಿದ್ದ ಎರಡು ಗಾಬ್ಲಿನ್‌ಗಳು ಅವಳ ತಲೆಯ ಹತ್ತಿರವೇ ನಿಂತಿದ್ದವು. ಪುಣ್ಯಕ್ಕೆ ಮುಂದಿನ ಸರದಿ ನಮ್ಮ ಗುಂಪಿನ ಪುರೋಹಿತ ಕ್ಲೆರಿಕ್‌ನದು. ಅವನು ತನ್ನ ಕೆಲಸವನ್ನೆಲ್ಲ ಬಿಟ್ಟು ಅವಳ ಭುಜ ಹಿಡಿದು ಅಲುಗಾಡಿಸಿ ಎಬ್ಬಿಸಿದ. ಅವಳನ್ನು ಆಡಿಸುತ್ತಿದ್ದ ಗೆಳತಿ ಒಂದು ವಾರ ನನ್ನನ್ನು ‘ಜೋಗುಳ’ ಎಂದು ಕರೆದಳು. ಕೆಂಪು ಸಾಲು: ‘ಗಾಯಗೊಂಡ ನಮ್ಮವರು ಒಳಗಿದ್ದರೆ ಬೇಡ. ಎಲ್ಫ್, ಅನ್‌ಡೆಡ್ (ಸತ್ತೂ ನಡೆಯುವವು) ಎದುರಿದ್ದರೂ ಬೇಡ, ಅವು ಮಲಗುವುದೇ ಇಲ್ಲ.’

ಐದನೇ ಹಂತಕ್ಕೆ ಫೈರ್‌ಬಾಲ್ ಸಿಗುತ್ತದೆ. ಆರು ಮುಖದ ಎಂಟು ದಾಳಗಳನ್ನು ಎರಡೂ ಕೈಯಲ್ಲಿ ಬಾಚಿ ಉರುಳಿಸುವ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರದ್ದೂ ಇಪ್ಪತ್ತು ಅಡಿಯ ತ್ರಿಜ್ಯ, ಅದಕ್ಕೂ ನಮ್ಮವರ ಗುರುತಿಲ್ಲ. ಬೆಂಕಿಯೇ ನಿಮ್ಮ ದಾರಿ ಎಂದಾದರೆ ಎರಡನೇ ಹಂತದಲ್ಲಿ ಇವೊಕೇಶನ್ ಶಾಖೆ ಆರಿಸಿ. ಸ್ಫೋಟದ ನಡುವೆ ಗೆಳೆಯರಿಗೆ ಜಾಗ ಬಿಡುವ ವಿದ್ಯೆ ಅದರಲ್ಲಿದೆ. ವೆಬ್‌ನಂಥ ಕಾನ್ಸಂಟ್ರೇಶನ್ ಮಂತ್ರಗಳಲ್ಲಿ ಒಂದು ಸಮಯಕ್ಕೆ ಒಂದನ್ನೇ ಹಿಡಿದಿಡಬಹುದು. ಪೆಟ್ಟು ಬಿದ್ದರೆ ಕಾನ್ಸ್ಟಿಟ್ಯೂಶನ್ (ದೇಹದಾರ್ಢ್ಯ) ಸೇವ್‌ನಲ್ಲಿ ಕನಿಷ್ಠ 10 ಬೇಕು, ಇಲ್ಲವಾದರೆ ಹಿಡಿತ ತಪ್ಪುತ್ತದೆ. ಆದ್ದರಿಂದ ಬಲೆ ಬೀಸಿದ ಮೇಲೆ ಬಾಗಿಲ ಹಿಂದೆ ಅಡಗುವುದು ಹೇಡಿತನವಲ್ಲ.

ಹಂತವೇರಿದಾಗ ಎರಡು ಹೊಸ ಮಂತ್ರ ತಾವಾಗಿ ಬರುತ್ತವೆ. ಸಿಕ್ಕ ಸುರುಳಿಗಳಿಂದಲೂ ನಕಲು ಮಾಡಿಕೊಳ್ಳಬಹುದು. ಮಂತ್ರದ ಒಂದೊಂದು ಮಟ್ಟಕ್ಕೆ ಎರಡು ಗಂಟೆ ಮತ್ತು 50 ಚಿನ್ನದ ನಾಣ್ಯ. ಲೂಟಿ ಹಂಚುವಾಗ ಈ ಖರ್ಚನ್ನು ಗುಂಪಿನ ಮುಂದೆ ಬಾಯಿಬಿಟ್ಟು ಹೇಳಿ. ಕತ್ತಿಯವರಿಗೆ ಇದು ತಾನಾಗಿ ಹೊಳೆಯುವುದಿಲ್ಲ.

ಪುಸ್ತಕ ಕಳೆದರೆ ಆ ದಿನ ಸಿದ್ಧವಿರುವ ಮಂತ್ರಗಳನ್ನು ಮಾತ್ರ ಮತ್ತೆ ಬರೆದುಕೊಳ್ಳಬಹುದು, ಉಳಿದವನ್ನು ಹೊಸದಾಗಿ ಹುಡುಕಬೇಕು. ಒಮ್ಮೆ ಹೊಳೆ ದಾಟುವಾಗ ನನ್ನದು ಕೊಚ್ಚಿಹೋಯಿತು. ಸ್ವಂತ ಪುಸ್ತಕದ ಪ್ರತಿ ಮಾಡಿಕೊಳ್ಳಲು ಮಟ್ಟಕ್ಕೆ ಒಂದು ಗಂಟೆ ಮತ್ತು ಹತ್ತು ನಾಣ್ಯ ಸಾಕು ಎಂದು ಆಮೇಲೆ ಓದಿ ತಿಳಿದುಕೊಂಡೆ. ಈಗಿನ ಮಾಂತ್ರಿಕನ ಎರಡನೇ ಪ್ರತಿ ಅದೇ ಫೈಟರ್‌ನ ಚೀಲದಲ್ಲಿದೆ. ದಿನಕ್ಕೊಂದು ಚಿನ್ನದ ನಾಣ್ಯ ಬಾಡಿಗೆ ಕೇಳುತ್ತಾಳೆ. ಕೊಡುತ್ತಿದ್ದೇನೆ.