ಭರಣಿಯ ಸಿಡಿಲು, ಆರಿದ್ರೆಯ ಮೌನ: ಮೋಡದ ವಿದ್ಯುತ್ತಿಗೆ ಮಾದರಿ ಕಟ್ಟಿದ ಅನುಭವ

ತೀರ್ಥಹಳ್ಳಿಯ ನಮ್ಮ ಮನೆಯ ಅಡಿಕೆ ಅಂಗಳದಲ್ಲಿ ಒಂದು ಭರಣಿ ಮಳೆಯ ಸಂಜೆ ಬಿದ್ದ ಆಲಿಕಲ್ಲನ್ನು ಮೆಟ್ಟುಗತ್ತಿಗೆ ಕೊಟ್ಟು ಸೀಳಿ ನೋಡಿದೆ. ನಡುವೆ ಹಾಲುಬಿಳುಪಿನ ತಿರುಳು, ಅದರ ಸುತ್ತ ಗಾಜಿನಂಥ ಪದರ. ಆ ಬಿಳಿ ತಿರುಳೇ ಗ್ರಾಪೆಲ್. ಸೊನ್ನೆ ಡಿಗ್ರಿಗಿಂತ ತಣ್ಣಗಾದರೂ ಹೆಪ್ಪುಗಟ್ಟದೆ ಉಳಿದ ಹನಿಗಳು ತಾಗಿದಲ್ಲೇ ಗಟ್ಟಿಯಾಗಿ ಬೆಳೆದ ಉಂಡೆ. ಸಣ್ಣ ಹಿಮಹರಳುಗಳು ಇದಕ್ಕೆ ಬಡಿದು ಹಾರುವಾಗ ವಿದ್ಯುದಾವೇಶ ಕೈ ಬದಲಾಗುತ್ತದೆ. ಸಾಮಾನ್ಯವಾಗಿ ಹಗುರವಾದ ಹರಳುಗಳು ಧನ ಆವೇಶ ಹೊತ್ತು ಮೇಲೇರುತ್ತವೆ, ಭಾರವಾದ ಗ್ರಾಪೆಲ್ ಋಣ ಆವೇಶದೊಡನೆ ಕೆಳಗೆ ಉಳಿಯುತ್ತದೆ. ನನ್ನ ಮಾದರಿಯ ಬುನಾದಿ ಇಷ್ಟೇ.

ಮೊದಲು ಬರೆದದ್ದು ಒಂದೇ ಮೋಡದ ಎರಡು ಆಯಾಮದ ಪ್ರೋಗ್ರಾಂ. ಆವೇಶದ ಹಂಚಿಕೆಯಿಂದ ವಿದ್ಯುತ್ ಕ್ಷೇತ್ರವನ್ನು ಲೆಕ್ಕ ಹಾಕಿ, ಅದು ಮಿತಿ ದಾಟಿದಲ್ಲಿ ಮಿಂಚಿನ ಕವಲನ್ನು ಒಂದೊಂದೇ ಹೆಜ್ಜೆ ಬೆಳೆಸುತ್ತ, ಪ್ರತಿ ಹೆಜ್ಜೆಗೂ ಕ್ಷೇತ್ರವನ್ನು ಮತ್ತೆ ಲೆಕ್ಕ ಹಾಕಬೇಕು. ವಾರಗಟ್ಟಲೆ ನನ್ನ ಮೋಡದಲ್ಲಿ ಒಂದು ಮಿಂಚೂ ಹುಟ್ಟಲಿಲ್ಲ. ನೆಲಮಟ್ಟದ ಒಣಗಾಳಿಗೆ ಹೇಳುವ ಮೀಟರಿಗೆ 30 ಲಕ್ಷ ವೋಲ್ಟ್ ಎಂಬ ಮಿತಿಯನ್ನೇ ಮೋಡಕ್ಕೂ ಹಾಕಿದ್ದೆ. ಬಲೂನುಗಳು ಮೋಡದೊಳಗೆ ಅಳೆದಿರುವ ಕ್ಷೇತ್ರವಾದರೋ ಇದರ ಹತ್ತನೇ ಒಂದು ಪಾಲಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ವೇಗದ ಎಲೆಕ್ಟ್ರಾನುಗಳು ಓಟ ಕಿತ್ತು ಇತರ ಎಲೆಕ್ಟ್ರಾನುಗಳನ್ನು ಎಬ್ಬಿಸಲು ಸಮುದ್ರಮಟ್ಟದಲ್ಲಿ ಸುಮಾರು 2.8 ಲಕ್ಷ ವೋಲ್ಟ್ ಸಾಕು, ಗಾಳಿ ತೆಳುವಾದಂತೆ ಅದೂ ಇಳಿದು 6 ಕಿ.ಮೀ. ಎತ್ತರದಲ್ಲಿ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮಿತಿಯನ್ನು ಹೀಗೆ ಎತ್ತರಕ್ಕೆ ಹೊಂದಿಸಿದ ರಾತ್ರಿ, ಪರದೆಯ ಮೇಲೆ ಮೊದಲ ಕವಲು ಒಡೆಯಿತು.

ಭೂಮಿ ಬಿಸಿಯಾದಂತೆ ಸಿಡಿಲು ಹೆಚ್ಚುತ್ತದೆಯೇ ಎಂಬ ಹವಾಮಾನ ಬದಲಾವಣೆಯ ಪ್ರಶ್ನೆಗೆ ಬಂದಾಗ ನಿಜವಾದ ಕಷ್ಟ ಶುರುವಾಯಿತು. ಭೂಮಿಯಿಡೀ ಲೆಕ್ಕ ಹಾಕುವ ಮಾದರಿಗಳಿಗೆ ಒಂದೊಂದು ಮೋಡ ಕಾಣುವುದಿಲ್ಲವಾದ್ದರಿಂದ ಅವು ಸೂತ್ರಗಳನ್ನು ನಂಬುತ್ತವೆ. ವಿಜ್ಞಾನಿಗಳಾದ ಪ್ರೈಸ್ ಮತ್ತು ರಿಂಡ್ 1992ರಲ್ಲಿ ಕೊಟ್ಟ ಸೂತ್ರದಲ್ಲಿ ನೆಲದ ಮೇಲಿನ ಮಿಂಚು ಮೋಡದ ತುದಿಯ ಎತ್ತರದ 4.9ನೇ ಘಾತದಂತೆ ಏರುತ್ತದೆ. 2014ರಲ್ಲಿ ರಾಂಪ್ಸ್ ಮತ್ತು ಸಂಗಡಿಗರು, ಗಾಳಿ ಮೇಲೇರಲು ಲಭ್ಯವಿರುವ ಶಕ್ತಿಯನ್ನು ಮಳೆಯ ಪ್ರಮಾಣದಿಂದ ಗುಣಿಸಿ, ಅಮೆರಿಕದಲ್ಲಿ ಪ್ರತಿ ಡಿಗ್ರಿಗೆ ಸುಮಾರು ಶೇ. 12ರಷ್ಟು ಸಿಡಿಲು ಹೆಚ್ಚುತ್ತದೆ ಎಂದರು. 2018ರಲ್ಲಿ ಫಿನ್ನಿ ಮತ್ತು ಸಂಗಡಿಗರು ಮೋಡದಲ್ಲಿ ಮೇಲೇರುವ ಹಿಮವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ತೀವ್ರ ತಾಪಮಾನ ಏರಿಕೆಯಲ್ಲಿ ಈ ಶತಮಾನದ ಕೊನೆಗೆ ಜಗತ್ತಿನ ಮಿಂಚು ಶೇ. 15ರಷ್ಟು ಕುಗ್ಗುತ್ತದೆ ಎಂಬ ಉತ್ತರ ಬಂತು.

ಎರಡನೆಯ ಸೂತ್ರವನ್ನು ತಿಂಗಳ ಸರಾಸರಿಗಳೊಂದಿಗೆ ಆಗುಂಬೆಗೆ ಹಾಕಿ ನೋಡಿದೆ. ಜುಲೈ ತಿಂಗಳೇ ಸಿಡಿಲಿನ ತಿಂಗಳೆಂದು ಬಂತು! ಆರಿದ್ರೆ, ಪುನರ್ವಸು ಮಳೆ ಹಗಲು ರಾತ್ರಿ ಸುರಿದರೂ ಆಕಾಶ ಗುಡುಗುವುದು ಅಪರೂಪವೆಂದು ಮಲೆನಾಡಿನ ಮಕ್ಕಳಿಗೂ ಗೊತ್ತು. ಟಿಆರ್‌ಎಂಎಂ ಉಪಗ್ರಹದ ಮಿಂಚು ಸಂವೇದಕವೂ ಇಲ್ಲಿ ಕಂಡದ್ದು ಮುಖ್ಯವಾಗಿ ಏಪ್ರಿಲ್–ಮೇ ತಿಂಗಳ ಮಿಂಚು, ಆಮೇಲೆ ಅಕ್ಟೋಬರಿನದು. ಮುಂಗಾರಿನ ಗಾಳಿ ಘಟ್ಟಕ್ಕೆ ಬಡಿದು ಏರುವಾಗ ಹೆಚ್ಚಿನ ನೀರು ಸುಮಾರು 5 ಕಿ.ಮೀ. ಎತ್ತರದ ಹೆಪ್ಪುಗಟ್ಟುವ ಮಟ್ಟವನ್ನು ಮುಟ್ಟುವ ಮೊದಲೇ ಮಳೆಯಾಗಿ ಇಳಿದುಬಿಡುತ್ತದೆ, ಗ್ರಾಪೆಲ್ ಬೆಳೆಯಲು ನೀರೇ ಉಳಿಯುವುದಿಲ್ಲ. ಬೇರೆ ನೆಲಕ್ಕೆ ಹುಟ್ಟಿದ ಸೂತ್ರವನ್ನು ಪರೀಕ್ಷಿಸದೆ ತಂದದ್ದು ನನ್ನ ತಪ್ಪು. ಅಂದಿನಿಂದ, ಜುಲೈಯಲ್ಲಿ ಸುಮ್ಮನಿರಲು ಬಾರದ ಯಾವ ಸೂತ್ರದಿಂದಲೂ ನಾನು ಮಲೆನಾಡಿನ ಭವಿಷ್ಯ ಕೇಳುವುದಿಲ್ಲ.

ಈಗ ಡಬ್ಲ್ಯುಆರ್‌ಎಫ್ ಎಂಬ, ಹವೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯಲ್ಲಿ 3 ಕಿ.ಮೀ. ಚೌಕಗಳಿಟ್ಟು ಒಂದೇ ದಿನವನ್ನು ಎರಡು ಬಾರಿ ಓಡಿಸುತ್ತೇನೆ: ಒಮ್ಮೆ ಇದ್ದಂತೆ, ಇನ್ನೊಮ್ಮೆ ಸಾಪೇಕ್ಷ ಆರ್ದ್ರತೆಯನ್ನು ಹಾಗೇ ಉಳಿಸಿ ಇಡೀ ವಾತಾವರಣವನ್ನು 2 ಡಿಗ್ರಿ ಬಿಸಿಮಾಡಿ. ಡಿಗ್ರಿಗೆ ಸುಮಾರು ಶೇ. 7ರಂತೆ ನೀರಾವಿ ಹೆಚ್ಚಿ ಮೇಲ್ಮುಖ ಗಾಳಿಗೆ ಬಲ ಬರುತ್ತದೆ. ಹೆಪ್ಪುಗಟ್ಟುವ ಮಟ್ಟವೂ 300 ಮೀಟರಿನಷ್ಟು ಮೇಲಕ್ಕೆ ಸರಿಯುವುದರಿಂದ, ಹನಿಗಳು ಮಳೆಯಾಗಿ ಜಾರಿಹೋಗಲು ಅಷ್ಟು ಹೆಚ್ಚು ದಾರಿ ಸಿಗುತ್ತದೆ. ಕೆಲವು ಭರಣಿಯ ದಿನಗಳಲ್ಲಿ ಗಾಳಿಯ ಬಲ ಗೆದ್ದು ಗ್ರಾಪೆಲ್ ಹೆಚ್ಚುತ್ತದೆ. ಗಾಳಿ ಮಂದವಾಗಿದ್ದ ದಿನಗಳಲ್ಲಿ ಅದೇ 2 ಡಿಗ್ರಿ ಸಿಡಿಲನ್ನು ತಗ್ಗಿಸಿದೆ. ಮುಂದಿನ ಸರದಿ ಅಕ್ಟೋಬರಿನ ದಿನಗಳದು.